ಬಾಗಿಲೊಳಗಿನ ನಟ್ಟು

ಕಾಳಿ ನದಿಗೆ ಸೇತುವೆ ಇನ್ನೂ ಬಂದಿರಲಿಲ್ಲ.
ಸದಾಶಿವಗಡದ ಕಡೆಯಿಂದ ಜಂಗಲ್ ಮೇಲೆ
ಎರಡು ಎತ್ತಿನಗಾಡಿ, ಒಂದು ಹಿಂಡು ಆಡುಗಳ ನಡುವೆ
ಬಂದಿಳಿಯಿತು ಫೋರ್ಡ್ ಫಾಲ್ಕನ್.
ಬಣ್ಣ ಎಳನೀರ ಕಾಯಿಯದು,
ಹಿಂದೆ ದೋಸೆಕಾವಲಿಯಷ್ಟು ಕೆಂಪು ದೀಪ ಎರಡು.
ಜಂಗಲಿನವ ಲಾರಿಯ ದರ ಕೇಳಿದ.
ಶಾಬಾ ಮಾಜಾಳಿಕರ್ ಬಾನೆಟ್ ಎತ್ತಿ ತೋರಿಸಿದ:
'ನೋಡು ಮಾರಾಯ, ಇಷ್ಟೇ.'

ನಿಜ, ಅಷ್ಟೇ ಇತ್ತು.
ಇಬ್ಬರು ಒಳಗಿಳಿದು ಇಸ್ಪೀಟು ಆಡಬಹುದಾದ ಜಾಗದಲ್ಲಿ
ಆರು ಸಿಲಿಂಡರು, ಸಾಲಾಗಿ,
ಮದುವೆಮನೆಯ ಮೂಲೆ ಹಿಡಿದ ಬಡ ನೆಂಟರ ಹಾಗೆ.

ಇನಾಸ್ ಪಾತ್ರಾಂವ್ ಗರಾಜಿನಲ್ಲಿ ನನಗಾಗ ಹದಿಮೂರು.
ಕೆಲಸ: ಟಾರ್ಚು ಹಿಡಿಯುವುದು, ಬೈಸಿಕೊಳ್ಳುವುದು.
ಹೆಡ್ಡು ಬಿಚ್ಚಿದ ದಿನ ಪಾತ್ರಾಂವ್ ನಕ್ಕುಬಿಟ್ಟರು:
'ಮ್ಯಾನಿಫೋಲ್ಡನ್ನೂ ಇದಕ್ಕೇ ಸೇರಿಸಿ ಎರಕ ಹೊಯ್ದಿದಾರೆ,
ಒಂದು ಗ್ಯಾಸ್ಕೆಟ್ ಉಳೀತು, ನಾಲ್ಕು ಬೋಲ್ಟು ಉಳೀತು.
ಅಮೇರಿಕದಲ್ಲೂ ಚಿಲ್ಲರೆ ಎಣಿಸೋರು ಇದಾರೆ ಅಂತಾಯ್ತು.'

ಊರು ಮಾತ್ರ ಬಾಗಿಲು ಮುಚ್ಚುವ ಸದ್ದಿಗೆ ಮರುಳಾಯಿತು.
'ಕೇಳಿದ್ಯಾ? ತಿಜೋರಿ!'
ಟಾರ್ಚು ಹಿಡಿದವನಿಗೆ ಗೊತ್ತಿತ್ತು:
ಎಡಬಾಗಿಲ ಸಂದಿಯಲ್ಲಿ ನಾಲ್ಕಾಣೆ ತೂರುತ್ತಿತ್ತು,
ಬಲಬಾಗಿಲ ಸಂದಿಯಲ್ಲಿ ಬೀಡಿ.
ಡಿಕ್ಕಿಯ ಒಳಮೂಲೆಗೆ ಬಣ್ಣವೇ ಮುಟ್ಟಿರಲಿಲ್ಲ.
ಯಾರು ನೋಡುತ್ತಾರೆ ಅಂದುಕೊಂಡಿರಬೇಕು ಅಲ್ಲಿಯವರು.
ಉಪ್ಪುಗಾಳಿ ನೋಡಿತು.

ಹಿಂದಿನ ಬಾಗಿಲೊಳಗೆ ಒಂದು ಸದ್ದು ಬೇರೆ,
ಗುಂಡಿ ಬಂದಾಗಲೆಲ್ಲ ಕಟಕಟ.
ಶಾಬಾ ಲಿಂಬೆ ಕಟ್ಟಿದ. ನಿಲ್ಲಲಿಲ್ಲ.

ಆಷಾಢದ ಒಂದು ಮಂಗಳವಾರ, ದೇವಿಮನೆ ಘಟ್ಟ.
ಶಿರಸಿ ಸಂತೆಗೆ ಏಳು ಜನ, ಒಣ ಸೆಟ್ಲಿಯ ಮೂರು ಬುಟ್ಟಿ.
ಆ ಕಾರಿನ ವೈಪರು ಓಡುವುದು ಇಂಜಿನ್ನಿನ ಉಸಿರೆಳೆತದಿಂದ;
ಆಕ್ಸಿಲರೇಟರ್ ಒತ್ತಿದರೆ
ಗಾಜಿನ ನಡುವೆ ನಿಂತುಬಿಡುತ್ತದೆ,
ಬಿಟ್ಟರೆ ಗಾಜು ತಿಳಿಯಾಗಿ, ಕಾರು ಹಿಂದಕ್ಕೆ ಜಾರುತ್ತದೆ.
ಕಾಣುವುದೋ, ಏರುವುದೋ?
ಶಾಬಾ ಒತ್ತಿದ.
ಮುಂದೆ ಕೂತ ಸಾವಂತ್ರಿ ಹರಿಕಂತ್ರ ಕೈ ಹೊರಚಾಚಿ
ಎಂಟು ಮೈಲಿ ಸೆರಗಿನ ತುದಿಯಿಂದ ಗಾಜು ಒರೆಸಿದಳು,
ಎದುರು ಬಂದ ಲಾರಿಗಳಿಗೆಲ್ಲ ಬೈದಳು.
ನನ್ನ ತೊಡೆಯ ಮೇಲೆ ಟಪಟಪ ನೀರು.
'ಸೋರೂದು ಬಿಡಾ, ದೋಣಿಯೂ ಸೋರ್ತದೆ' ಅಂದಳು,
ತಿರುಗಿ ನೋಡದೆ.
ಎರಡನೇ ಗೇರು, ಮೊದಲನೇ ಗೇರು,
ಹೊರೆ ಹೊತ್ತವಳ ಏದುಸಿರು;
ಕುದಿಯಲಿಲ್ಲ ಅದು, ಕೆಮ್ಮಲೂ ಇಲ್ಲ.
ಮೇಲೆ ಚಾದಂಗಡಿಯಲ್ಲಿ ಎಲ್ಲರೂ ಬಾಗಿಲ ಸದ್ದನ್ನೇ ಹೊಗಳಿದರು.

ಹನ್ನೊಂದು ಮಳೆಗಾಲದ ಮೇಲೆ
ತುಕ್ಕು ಬಾಗಿಲ ಹೊಟ್ಟೆ ತೂತು ಮಾಡಿದಾಗ
ಆ ಕಟಕಟ ನನ್ನ ಕಾಲ ಬಳಿ ಬಿತ್ತು. ಒಂದು ನಟ್ಟು.
ಒಂದು ಭಾನುವಾರ ಪೂರ್ತಿ ಹಾಕಿ ನೋಡಿದೆ,
ಕಾರಿನ ಯಾವ ಬೋಲ್ಟಿಗೂ ಕೂರಲಿಲ್ಲ.
ಯಾರ ಜೇಬಿನದೋ. ಊಟದ ಗಂಟೆ ಹೊಡೆದಿರಬೇಕು,
ಬಗ್ಗಿದವನು ಎದ್ದಿರಬೇಕು.
ಯಾವುದೋ ಬೋಲ್ಟು ಅಲ್ಲಿ ಇನ್ನೂ ಕಾಯುತ್ತಿದೆಯೋ ಏನೋ.

ತಿಜೋರಿ ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ.
ಇಂಜಿನ್ನು ಬೈತಖೋಲ ಬಂದರಕ್ಕೆ.
ಐಸು ಪುಡಿಮಾಡುವ ಯಂತ್ರಕ್ಕೆ ಬೆಲ್ಟು ಹಾಕಿ
ಸೀಮೆಎಣ್ಣೆ ಬೆರೆಸಿ ಕುಡಿಸಿದೆವು.
ಬಂಗಡೆ ಕಾಲದಲ್ಲಿ ರಾತ್ರಿಯಿಡೀ ದುಡಿಯಿತು, ಎಂಟು ವರ್ಷ,
ಬಿಸಿ ಮೈಮೇಲೆ ಐಸಿನ ಚೂರು ಬಿದ್ದರೆ
ಚುಂಯ್ ಎಂದು, ಅಷ್ಟೇ.
ಪಾತ್ರಾಂವ್ ಅದರ ಪಕ್ಕ ಕೂತು ಊಟ ಮಾಡುತ್ತಿದ್ದರು.

ನಟ್ಟು ಈಗ ನನ್ನ ಗರಾಜಿನ ಬೀಗದಕೈಯಲ್ಲಿದೆ.
ಬಾಗಿಲ ಪ್ಯಾನಲ್ ಮುಚ್ಚುವ ಮೊದಲು
ಹುಡುಗರ ಜೇಬು ಖಾಲಿ ಮಾಡಿಸುತ್ತೇನೆ. ನಗುತ್ತಾರೆ.
ನಿನ್ನೆ ಒಬ್ಬನದರಿಂದ ಬಿದ್ದದ್ದು:
ಎರಡು ವಾಷರು, ಒಂದು ಪೆಪ್ಪರಮಿಂಟು,
ಕುಮಟೆಗೆ ಹೋಗಿಬಂದ ಬಸ್ ಟಿಕೆಟ್ಟು.